ಕತ್ತಿನ ಸುತ್ತ ಅಂಟು

ಆ ಹುಳಕ್ಕೆ ನನ್ನ ಅಕ್ಕನ ಹೆಸರಿತ್ತು. ಸಂಗ್ರಹಾಲಯದ ಎರಡನೇ ಮಹಡಿಯಲ್ಲಿ, ಹದಿನಾಲ್ಕನೇ ಕಪಾಟಿನ ಮೇಲಿನ ಡ್ರಾಯರಿನಲ್ಲಿ, ಗಾಜಿನ ಕೆಳಗೆ ಹೊಸ ಬಗೆಯೆಂದು ಸಾರುವ ಕೆಂಪು ಚೀಟಿ ಚುಚ್ಚಿಸಿಕೊಂಡು ಎಂಟು ವರ್ಷ ಕೂತಿತ್ತು. ಆದರೆ ಅಂಥ ಹುಳ ಈ ಭೂಮಿಯ ಮೇಲೆ ಎಂದೂ ನಡೆದಾಡಿಲ್ಲ. ಅದನ್ನು ಮಾಡಿದವನು ನಾನು.

ನನ್ನ ಕೆಲಸ ಅಂಟಿಸುವುದು. ನೆಲದ ಮೇಲೆ ಓಡಾಡುವ ಜೀರುಂಡೆಗಳು, ಅಂದರೆ ಕಲ್ಲಿನಡಿ, ಕೊಳೆತ ಮರದಡಿ, ಹೊಳೆದಂಡೆಯ ಮರಳಿನಲ್ಲಿ ಬದುಕುವಂಥವು, ಬಾಟಲಿಗಳಲ್ಲಿ ಬರುತ್ತವೆ. ದೊಡ್ಡವಕ್ಕೆ ನೇರವಾಗಿ ಸೂಜಿ ಚುಚ್ಚಬಹುದು. ಅಕ್ಕಿಕಾಳಿನಷ್ಟಿರುವವಕ್ಕೆ ಚುಚ್ಚಿದರೆ ಒಡೆದೇ ಹೋಗುತ್ತವೆ. ಅವನ್ನು ಚೂಪಾಗಿ ಕತ್ತರಿಸಿದ ರಟ್ಟಿನ ತುದಿಗೆ ಒಂದು ಹನಿ ಅಂಟಿನಿಂದ ಕೂರಿಸಿ, ಸೂಜಿಯನ್ನು ರಟ್ಟಿಗೆ ಚುಚ್ಚಬೇಕು. ಕಾಲು ಮುರಿದಿದ್ದರೆ ಕಾಲು, ತಲೆ ಕಳಚಿದ್ದರೆ ತಲೆ, ಎಲ್ಲಿತ್ತೋ ಅಲ್ಲಿಗೇ ಅಂಟಿಸಬೇಕು. ಅಂಟು ನೀರಿನಲ್ಲಿ ಕರಗುವಂಥದ್ದೇ ಆಗಿರಬೇಕು, ಏಕೆಂದರೆ ಮುಂದೆ ಯಾರಿಗಾದರೂ ಬಿಡಿಸಿ ನೋಡಬೇಕೆನ್ನಿಸಬಹುದು. ಇದು ನಮ್ಮಲ್ಲಿ ಕಟ್ಟುನಿಟ್ಟು. ಹಕ್ಕಿ ವಿಭಾಗದಲ್ಲಿ ಸತ್ತ ಗುಬ್ಬಿಗಳಿಗೆ ಹತ್ತಿ ತುಂಬುವವನು ನನಗೆ ಗೋಂದಪ್ಪ ಎಂದು ಹೆಸರಿಟ್ಟ. ಅದೇ ನಿಂತಿತು.

ಇಲ್ಲಿಗೆ ಸೇರಿಸಿದವರು ಭಾವ, ಅಕ್ಕನ ಗಂಡ. ಈ ಜೀರುಂಡೆಗಳನ್ನು ಗುರುತು ಹಿಡಿದು, ಯಾವುದು ಯಾವ ಗುಂಪಿನದು ಎಂದು ವಿಂಗಡಿಸುವುದರಲ್ಲೇ ಕೂದಲು ಬೆಳ್ಳಗಾಗಿಸಿಕೊಂಡವರು. ನಲವತ್ತೈದು ತುಂಬುವ ಮೊದಲೇ ಅವರ ಕೈ ನಡುಗಲು ಶುರುವಾಗಿತ್ತು. ಕಣ್ಣು ಮಾತ್ರ ಹದ್ದಿನದು.

"ನೋಡೋದು ನಾನು, ಮುಟ್ಟೋದು ನೀನು," ಎಂದು ಮೊದಲ ದಿನವೇ ಹೇಳಿದರು. "ನನ್ನ ಕೈ ನಂಬ್ಕೊಂಡ್ರೆ ಹುಳಕ್ಕೆ ಆರು ಕಾಲಲ್ಲಿ ನಾಲ್ಕು ಉಳಿದ್ರೆ ಹೆಚ್ಚು."

ಸೂಕ್ಷ್ಮದರ್ಶಕದ ಎಡಗಡೆ ನನಗೊಂದು ಕುರ್ಚಿ ಹಾಕಿಸಿದರು. ಒಂಬತ್ತು ವರ್ಷದಲ್ಲಿ ನನ್ನದು ಎಂದು ಹೇಳಿಕೊಳ್ಳುವಂಥದ್ದು ಏನಾದರೂ ಇದ್ದರೆ ಅದು ಆ ಕುರ್ಚಿ. ಅದಕ್ಕೆ ಮುಂಚೆ ಮುದ್ರಣಾಲಯದಲ್ಲಿ ಇದ್ದೆ, ಔಷಧಿ ಅಂಗಡಿಯಲ್ಲಿ ಇದ್ದೆ. ಅಲ್ಲಿ ಯಾರೂ ನನ್ನ ಕೈಗೆ ಒಂದು ವಸ್ತು ಕೊಟ್ಟು ಮುಖ ಆಚೆ ತಿರುಗಿಸಿದವರಲ್ಲ. ಬೀಳಿಸಿದೆನಾ, ಚೆಲ್ಲಿದೆನಾ ಎಂದು ಕೈಯನ್ನೇ ನೋಡುತ್ತಿದ್ದರು. ಭಾವ ತಿರುಗಿಸುತ್ತಿದ್ದರು. ಜಗತ್ತಿನಲ್ಲಿ ಒಂದೇ ಒಂದು ಇರುವ ಹುಳವನ್ನು ನನ್ನ ಕೈಗೆ ಕೊಟ್ಟು, ಚಹಾ ಲೋಟ ಹುಡುಕಲು ಹೋಗುತ್ತಿದ್ದರು.

ಆ ಹುಳದ ಕತೆ ನಾನು ಸೇರಿದ ಮೊದಲ ವರ್ಷ ನಡೆದದ್ದು. ಬಿಳಿ ಪಿಂಗಾಣಿ ತಟ್ಟೆಯಲ್ಲಿ ಎರಡು ಜೀರುಂಡೆ ಇಟ್ಟುಕೊಂಡಿದ್ದೆ. ಒಂದು ಹೊಳೆದಂಡೆಯದು, ಕೆಂಪು ಕಾಲು. ಇನ್ನೊಂದು ಮರದಡಿಯದು, ಕಪ್ಪು ಕಾಲು. ಎರಡೂ ಹಪ್ಪಳದಂತೆ ಒಣಗಿದ್ದವು. ನಾನು ಸೀನಿದೆ. ಕಣ್ಣು ಬಿಟ್ಟು ನೋಡಿದರೆ ತಟ್ಟೆಯಲ್ಲಿ ಎರಡು ಮೈ, ಎರಡು ತಲೆ, ನಾಲ್ಕೂ ನಾಲ್ಕು ಕಡೆ. ಹೊರಗೆ ಓಣಿಯಲ್ಲಿ ಭಾವನ ಚಪ್ಪಲಿ ಸದ್ದು ಕೇಳಿಸಿತು. ದೊಡ್ಡ ಮೈಗೆ ದೊಡ್ಡ ತಲೆ, ಸಣ್ಣದಕ್ಕೆ ಸಣ್ಣದು ಎಂದುಕೊಂಡು ಅಂಟಿಸಿಬಿಟ್ಟೆ. ಆಗ ನನಗೆ ತಲೆ ಎಂದರೆ ತಲೆ, ಅಷ್ಟೆ.

ಎರಡು ವಾರದ ಮೇಲೆ ಭಾವ ಸೂಕ್ಷ್ಮದರ್ಶಕದಿಂದ ಕಣ್ಣು ತೆಗೆಯದೆಯೇ ಕೂಗಿದರು.

"ಲೋ, ಬಾರೋ ಇಲ್ಲಿ! ಕಾಲು ಕೆಂಪು, ಕಣ್ಣಿನ ಮೇಲೆ ಒಂದೇ ಕೂದಲು!"

ನಾನು ಬಗ್ಗಿ ನೋಡಿದೆ. ಹಿಗ್ಗಿಸಿದ ತಲೆ ಕಲ್ಲಿದ್ದಲ ಗುಡ್ಡದಂತೆ ಹೊಳೆಯುತ್ತಿತ್ತು. ಕಣ್ಣಿನ ಒಳಅಂಚಿನಲ್ಲಿ ಒಂದು ಬಿರುಗೂದಲು ನೆಟ್ಟಗೆ ನಿಂತಿತ್ತು.

"ಕೆಂಪು ಕಾಲಿನವಕ್ಕೆಲ್ಲ ಎರಡು ಇರುತ್ತೆ, ಕಪ್ಪು ಕಾಲಿನವಕ್ಕೆ ಒಂದು. ನೂರಾರು ನೋಡಿದೀನಿ, ಒಂದೂ ತಪ್ಪಿಲ್ಲ. ಇನ್ನೊಂದು ಕೂದಲು ಉದುರಿದೆಯಾ ಅಂತ ನೋಡ್ದೆ. ಉದುರಿದ್ರೆ ಗುಂಡಿ ಇರಬೇಕಲ್ಲ, ಗುಂಡೀನೂ ಇಲ್ಲ. ಇಂಥದ್ದು ಇರೋಕೇ ಸಾಧ್ಯ ಇಲ್ಲ ಕಣೋ!"

ಕೂದಲಿಗೂ ಕಾಲಿಗೂ ಸಂಬಂಧವಿದೆ ಎಂದು ನಾನು ಕೇಳಿದ್ದು ಅದೇ ಮೊದಲು. ಮಧ್ಯಾಹ್ನ ಅವರು ಊಟಕ್ಕೆ ಎದ್ದಾಗ ಆ ಇನ್ನೊಂದನ್ನು ತೆಗೆದು ನೋಡಿದೆ. ಕಪ್ಪು ಕಾಲು. ಕಣ್ಣಿನ ಮೇಲೆ ಎರಡು ಕೂದಲು.

ಅವರು ಬಂದ ಕೂಡಲೇ ಹೇಳಬೇಕೆಂದು ಎದ್ದು ನಿಂತೆ. ಅವರು ಬಂದರು, ಫೋನು ಕಿವಿಗೆ ಹಚ್ಚಿಕೊಂಡೇ ಬಂದರು. "ನಿನ್ನ ಹೆಸರು ಇಡ್ತೀನಿ ಕಣೇ," ಎನ್ನುತ್ತಿದ್ದರು. "ಹುಳಕ್ಕೇ. ಇಲ್ಲ, ತಮಾಷೆ ಅಲ್ಲ." ಆಚೆಯಿಂದ ಅಕ್ಕ ಏನೋ ಅಂದಳು. ಭಾವ ಅಷ್ಟು ಜೋರಾಗಿ ನಕ್ಕಿದ್ದನ್ನು ನಾನು ಅದಕ್ಕೆ ಮುಂಚೆ ಕೇಳಿರಲಿಲ್ಲ. ನಾನು ಮತ್ತೆ ಕೂತೆ. ಸಂಜೆ, ಕಪ್ಪು ಕಾಲಿನದನ್ನು ಮುರುಕು ಹುಳಗಳ ಡ್ರಾಯರಿಗೆ ಹಾಕಿದೆ. ಅತಿ ಕೆಳಗಿನದು, ಬಗ್ಗಿ ಯಾರೂ ತೆಗೆಯದಂಥದ್ದು.

ತಪ್ಪು ಮಾಡಿದ್ದು ಒಂದು ನಿಮಿಷ. ಉಳಿದದ್ದೆಲ್ಲ ಎಂಟು ವರ್ಷ.

ಒಂದೇ ಹುಳ ಸಿಕ್ಕಿದರೆ ಸಾಲದು. ಎರಡನೆಯದು ಸಿಗಬೇಕು, ಗಂಡು ಸಿಗಬೇಕು, ಹೆಣ್ಣು ಸಿಗಬೇಕು. ಪ್ರತಿ ಬೇಸಿಗೆಯಲ್ಲೂ ಹೊಳೆ ಬತ್ತಿ ಮರಳು ಮೇಲೆ ಬಂದಾಗ ನಾವಿಬ್ಬರೂ ಬಸ್ಸು ಹತ್ತಿ ಹೋಗುತ್ತಿದ್ದೆವು. ಭಾವ ಮಂಡಿ ಊರಿ ಕಲ್ಲು ಮಗುಚುತ್ತಿದ್ದರು. ಒಂದೊಂದು ಕಲ್ಲನ್ನೂ ಮತ್ತೆ ಇದ್ದ ಹಾಗೆಯೇ ಇಡುತ್ತಿದ್ದರು. ನಾನು ಅವರ ಪಕ್ಕದಲ್ಲಿ ಕಲ್ಲು ಮಗುಚುತ್ತಿದ್ದೆ. ಇಲ್ಲದ್ದನ್ನು ಹುಡುಕುವುದು ಎಷ್ಟು ಕಷ್ಟ ಎಂದು ಯಾರಿಗೆ ಹೇಳುವುದು? ಇರುವುದನ್ನು ಹುಡುಕುವವನು ಒಂದು ಹೊತ್ತಿಗೆ ದಣಿದು ನಿಲ್ಲುತ್ತಾನೆ. ಇಲ್ಲವೆಂದು ಗೊತ್ತಿದ್ದವನು ಗೊತ್ತಿಲ್ಲದವನಂತೆ ನಟಿಸಬೇಕಾದ್ದರಿಂದ ಅವನು ನಿಲ್ಲುವಂತೆಯೂ ಇಲ್ಲ. ಭಾವ ನೀರು ಕುಡಿಯಲು ಕೂತಾಗಲೂ ನಾನು ಮಗುಚುತ್ತಿದ್ದೆ. "ಸಾಕು ಬಾರೋ, ನಿನಗೇ ನನಗಿಂತ ಹುಚ್ಚು," ಎನ್ನುತ್ತಿದ್ದರು. ಐದನೇ ವರ್ಷ ನಾನು ಒಂದು ಚಪ್ಪಟೆ ಕಲ್ಲೆತ್ತಿ, ಇರಲಿ, ಒಂದಾದರೂ ಇರಲಿ ಎಂದು ನಿಜವಾಗಿ ಬೇಡಿಕೊಂಡೆ. ಅಂಥದ್ದೊಂದು ಓಡಿಬಂದುಬಿಟ್ಟರೆ ನಾನು ಸುಳ್ಳುಗಾರನಲ್ಲ, ಬರೀ ಅವಸರದವನು. ಕಲ್ಲಿನಡಿ ಒದ್ದೆ ಮರಳಿತ್ತು. ಎರಡು ಕೂದಲಿನ ಕೆಂಪು ಕಾಲಿನವು, ಎಂದಿನವು, ದಿಕ್ಕಾಪಾಲಾಗಿ ಓಡಿದವು.

ಅಷ್ಟರಲ್ಲಿ ಭಾವ ಕೈಪಿಡಿ ಬರೆಯಲು ಶುರುಮಾಡಿದ್ದರು. ಈ ಗುಂಪಿನ ಮೂವತ್ತೊಂದು ಬಗೆಯನ್ನು ಯಾರು ಬೇಕಾದರೂ ಗುರುತು ಹಿಡಿಯುವಂಥದ್ದು. ಅದರ ಕ್ರಮ ಸರಳ, ಜೋಡಿ ಜೋಡಿ ಪ್ರಶ್ನೆ. ಒಂದು: ಕಣ್ಣಿನ ಮೇಲೆ ಎರಡು ಕೂದಲಿದ್ದರೆ ಎರಡನೇ ಪ್ರಶ್ನೆಗೆ ಹೋಗಿ, ಒಂದೇ ಇದ್ದರೆ ಹದಿನಾಲ್ಕಕ್ಕೆ. ಹದಿನಾಲ್ಕು: ಕಾಲು ಕಪ್ಪಾಗಿದ್ದರೆ ಹದಿನೈದಕ್ಕೆ ಹೋಗಿ. ಕೆಂಪಾಗಿದ್ದರೆ ಎಲ್ಲಿಗೂ ಹೋಗಬೇಕಾಗಿಲ್ಲ, ಅಲ್ಲೇ ಅಕ್ಕನ ಹೆಸರು. ಮೊದಲು ಅವರು ಕಾಲಿನ ಬಣ್ಣದಿಂದ ಶುರುಮಾಡಿದ್ದರು. ಅಕ್ಕನ ಹುಳ ಬಂದದ್ದರಿಂದ ಬಣ್ಣವನ್ನು ನಂಬುವಂತಿಲ್ಲ ಎಂದು ಇಡೀ ಪುಸ್ತಕವನ್ನು ಒಡೆದು ಮತ್ತೆ ಕಟ್ಟಿದರು. ಇನ್ನೂರ ಹನ್ನೆರಡು ಪುಟ. ತಿಂಗಳ ಕೊನೆಗೆ ಅಚ್ಚಿಗೆ ಹೋಗಬೇಕಿತ್ತು.

ಸೋಮವಾರ ಒಂದು ಪತ್ರ ಬಂತು. ದೂರದ ಸಂಗ್ರಹಾಲಯದ ತಜ್ಞೆಯೊಬ್ಬಳು ಅಕ್ಕನ ಹುಳವನ್ನು ಎರವಲು ಕೇಳಿದ್ದಳು. ಬಿಸಿನೀರಿನಲ್ಲಿ ನೆನೆಸಿ ಮೆತ್ತಗೆ ಮಾಡಿ ಬಾಯಿಯ ಭಾಗಗಳನ್ನೂ ಹೊಟ್ಟೆಯನ್ನೂ ಬಿಡಿಸಿ ನೋಡುತ್ತಾಳಂತೆ. ಇಷ್ಟು ವರ್ಷ ಕೇಳಿದವರಿಗೆಲ್ಲ ಭಾವ ಇಲ್ಲ ಎಂದಿದ್ದರು. ಇರೋದೊಂದು, ಅದರ ಹೊಟ್ಟೆ ಕೊಯ್ಯೋದಾ ಎನ್ನುತ್ತಿದ್ದರು.

"ಈ ಸಲ ಕಳಿಸೋಣ," ಎಂದರು. "ಅಚ್ಚಾಗೋ ಮುಂಚೆ ಇನ್ನೊಂದು ಜೊತೆ ಕಣ್ಣು ನೋಡ್ಲಿ. ಗುರುವಾರ ಪಾರ್ಸೆಲ್ ಕಟ್ಟು."

ಬಿಸಿನೀರಿಗೆ ಬಿದ್ದರೆ ನನ್ನ ಅಂಟು ಹತ್ತು ನಿಮಿಷ ತಡೆಯುವುದಿಲ್ಲ. ತಲೆ ಬಿಟ್ಟುಕೊಳ್ಳುತ್ತದೆ. ಆಕೆ ತಲೆಯನ್ನೂ ಮೈಯನ್ನೂ ಬೇರೆಬೇರೆ ಇಟ್ಟು ನೋಡುತ್ತಾಳೆ. ನಗುತ್ತಾಳೆ. ಆಮೇಲೆ ಬರೆಯುತ್ತಾಳೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಹಾಗೆ, ಆ ದಿನವೆಲ್ಲ ಯಾರು ಕರೆದರೂ ನಾನು ಬೆಚ್ಚುತ್ತಿದ್ದೆ. "ಏನ್ ಗೋಂದಪ್ಪ, ದೆವ್ವ ನೋಡ್ದೋರ ಹಾಗಿದೀಯ," ಎಂದ ಹಕ್ಕಿ ವಿಭಾಗದವನು. "ನಮ್ಮ ಗೂಬೆಗಾದ್ರೂ ನಿನಗಿಂತ ಕಳೆ ಇದೆ. ಅದು ಸತ್ತು ಇಪ್ಪತ್ತು ವರ್ಷ ಆಯ್ತು."

ಮಂಗಳವಾರ ಚಪ್ಪಲಿ ರಿಪೇರಿಗೆ ಬಳಸುವ ಅಂಟಿನ ಸಣ್ಣ ಟ್ಯೂಬು ಕೊಂಡುತಂದೆ. ನೀರಿಗೆ ಕರಗುವುದಿಲ್ಲ, ಯಾವುದಕ್ಕೂ ಕರಗುವುದಿಲ್ಲ. ಒಂದು ಹನಿ ಸಾಕಿತ್ತು. ಭಾವ ಸಭೆಗೆ ಹೋಗಿದ್ದರು. ಡ್ರಾಯರು ತೆಗೆದೆ, ಹುಳವನ್ನು ದೀಪದಡಿ ಇಟ್ಟೆ, ಟ್ಯೂಬಿನ ಮೂತಿಗೆ ಸೂಜಿ ಚುಚ್ಚಿದೆ. ಘಾಟು ಮೂಗಿಗೆ ಬಂತು. ಟ್ಯೂಬನ್ನು ಹುಳದಿಂದ ದೂರ ಸರಿಸಿದೆ. ಮೊದಲನೆಯ ತಪ್ಪು ನಾನು ಮಾಡಿದ್ದಲ್ಲ, ಆಗಿಹೋದದ್ದು ಎಂದು ಇಷ್ಟು ದಿನ ಹೇಳಿಕೊಳ್ಳುತ್ತಿದ್ದೆ. ಇದಕ್ಕೆ ಹಾಗೆ ಹೇಳಿಕೊಳ್ಳುವಂತಿರಲಿಲ್ಲ. ಟ್ಯೂಬನ್ನು ಕಸದ ಬುಟ್ಟಿಗೆ ಹಾಕಿದೆ. ಮತ್ತೆ ತೆಗೆದು, ಕಿಸೆಯಲ್ಲಿಟ್ಟುಕೊಂಡು ಹೋಗಿ, ಬೀದಿಯ ಚರಂಡಿಗೆ ಎಸೆದೆ.

ಬುಧವಾರ ಅಕ್ಕನ ಅಂಗಡಿಗೆ ಹೋದೆ. ಬಸ್ ನಿಲ್ದಾಣದ ಹಿಂದೆ, ಎರಡು ಹೊಲಿಗೆ ಯಂತ್ರ ಹಿಡಿಸುವಷ್ಟು ಜಾಗ. ಗೋಡೆಯ ತುಂಬ ನೂಲಿನ ಉಂಡೆ.

"ಏನೋ, ಹುಳಗಳಿಗೆ ಇವತ್ತು ರಜಾನಾ?" ಎಂದಳು ತಲೆಯೆತ್ತದೆ.

"ಅಕ್ಕ, ಒಂದು ಮಾತು ಹೇಳ್ಬೇಕಿತ್ತು."

"ಒಂದು ಮಾತು ಅಂತ ಬಂದೋರು ಯಾರೂ ಒಂದಕ್ಕೆ ನಿಲ್ಲಿಸಿಲ್ಲ. ಕೂತ್ಕೋ. ಅಲ್ಲಲ್ಲ, ಆ ಬಟ್ಟೆ ಮೇಲಲ್ಲ! ಈಗ ತಾನೆ ಇಸ್ತ್ರಿ ಮಾಡಿಟ್ಟಿದೀನಿ."

ನಿಂತೇ ಹೇಳಿದೆ. ಸೀನಿದ್ದು, ತಲೆ, ಕೂದಲು, ಕೆಳಗಿನ ಡ್ರಾಯರು, ಪತ್ರ. ಅಂಚು ಮುಗಿಯುವವರೆಗೂ ಯಂತ್ರ ಓಡುತ್ತಲೇ ಇತ್ತು. ನೂಲನ್ನು ಹಲ್ಲಿನಿಂದ ಕಡಿದು ಅಕ್ಕ ನನ್ನತ್ತ ನೋಡಿದಳು. ನಕ್ಕಳು.

"ಅಂದ್ರೆ ನಂದು ಯಾರದೋ ತಲೆ, ಯಾರದೋ ಮೈ. ನಮ್ಮತ್ತೆ ಇದ್ದಿದ್ರೆ, ನಾನು ಮದುವೆ ದಿನಾನೇ ಹೇಳಿರ್ಲಿಲ್ವಾ ಅಂತಿದ್ರು."

ನಾನೂ ನಗಲು ನೋಡಿದೆ. ಅಷ್ಟರಲ್ಲಿ ಅವಳ ನಗು ನಿಂತಿತ್ತು.

"ಎಂಟು ವರ್ಷ?"

"ಹೂಂ."

"ವರ್ಷ ವರ್ಷ ನಿಮ್ಮ ಭಾವ ಆ ಹೊಳೆಯಿಂದ ಕುಂಟ್ಕೊಂಡು ಬರ್ತಿದ್ರು. ನಾನು ಮಂಡಿಗೆ ಎಣ್ಣೆ ತಿಕ್ತಿದ್ದೆ. ನೀನು ಅಲ್ಲೇ ಗೋಡೆಗೆ ಒರಗಿ ಊಟ ಮಾಡ್ತಿದ್ದೆ. ಇನ್ನೊಂಚೂರು ಹಾಕು ಅಕ್ಕ ಅಂತಿದ್ದೆ."

ಅಕ್ಕ ಕತ್ತರಿಯನ್ನು ಯಂತ್ರದ ಪಕ್ಕಕ್ಕೆ ಸರಿಸಿದಳು.

"ನಾನು ಒಂದು ತೋಳು ತಿರುಗಾಮುರುಗಾ ಹಾಕಿದ್ರೆ ಕೂತು ಬಿಚ್ತೀನಿ. ಹಾಕ್ಕೊಂಡೋರು ಹಾಗೇ ಓಡಾಡ್ಲಿ ಅಂತ ಬಿಡಲ್ಲ."

"ನಿನ್ನ ಹೆಸರು ಹೋಗುತ್ತಲ್ಲ ಅಕ್ಕ."

"ಹೋದ್ರೆ ಹೋಗ್ಲಿ. ನಾನೇನು ಆ ಹುಳದ ಜೊತೆ ಸಂಸಾರ ಮಾಡ್ತಿದ್ದೀನಾ?" ಅಕ್ಕ ಇನ್ನೊಂದು ಬಟ್ಟೆ ಎಳೆದುಕೊಂಡಳು. ಸೂಜಿಯ ಕೆಳಗೆ ಸರಿಯಾಗಿ ಕೂರಿಸಲು ಎರಡು ಸಲ ಬೇಕಾಯಿತು. "ಅವರು ಇಷ್ಟು ವರ್ಷದಲ್ಲಿ ಬಾಯಿ ಬಿಟ್ಟು ಒಂದು ಒಳ್ಳೆ ಮಾತಾಡಿದೋರಲ್ಲ. ಅವತ್ತು ಫೋನಲ್ಲಿ ಆಡಿದ್ರು. ಅದು ಹುಳದ್ದಲ್ಲ, ನಂದು. ಅದನ್ನ ಯಾರೂ ಕಿತ್ಕೊಳೋಕಾಗಲ್ಲ. ಆದ್ರೆ ಕೇಳು, ನಾನು ಅವರಿಗೆ ಹೇಳಲ್ಲ. ನೀನು ಹೇಳ್ದೆ ಹೋದ್ರೂ ಹೇಳಲ್ಲ. ಆಮೇಲೆ ನೀನೂ ನಾನೂ ಬಾಯಿ ಮುಚ್ಕೊಂಡು, ಮಧ್ಯೆ ಆ ಮನುಷ್ಯನ್ನ ಕೂರಿಸ್ಕೊಂಡು ಊಟಕ್ಕೆ ಹಾಕ್ತಾ ಇರೋಣ. ಬೇಕಾ?"

ಯಂತ್ರ ಮತ್ತೆ ಶುರುವಾಯಿತು. ಇನ್ನು ನಾನು ಅಲ್ಲಿರುವ ಹಾಗಿರಲಿಲ್ಲ.

ಸಂಗ್ರಹಾಲಯಕ್ಕೆ ಬಂದಾಗ ಮೂರು ಗಂಟೆ. ಭಾವ ಪಾರ್ಸೆಲ್ ಪೆಟ್ಟಿಗೆಯ ಮೇಲೆ ತಾವೇ ವಿಳಾಸ ಬರೆಯುತ್ತಿದ್ದರು. ನಡುಗುವ ಕೈಯಿಂದ ದೊಡ್ಡ ದೊಡ್ಡ ಅಕ್ಷರ, ಒಂದೊಂದೂ ಬೇರೆ ದಿಕ್ಕಿಗೆ ವಾಲಿತ್ತು.

"ಭಾವ, ಅದನ್ನ ಕಳಿಸೋದು ಬೇಡ."

"ಯಾಕೆ, ಅದಕ್ಕೆ ಜ್ವರ ಬಂದಿದೆಯಾ?"

"ಅದು ಒಂದು ಹುಳ ಅಲ್ಲ. ಎರಡು."

ಹೇಳಿದೆ. ಅಕ್ಕನ ಹತ್ತಿರ ಹೇಳಿದಷ್ಟು ಸಲೀಸಾಗಿ ಬರಲಿಲ್ಲ. ಮಧ್ಯೆ ಮಧ್ಯೆ, ಆಗ ನಾನು ಹೊಸಬ, ಆಗ ನನಗೆ ಗೊತ್ತಿರಲಿಲ್ಲ ಎಂಬ ಮಾತುಗಳು ಕರೆಯದೆ ಬಂದವು. ಭಾವ ಪೆನ್ನಿನ ಮುಚ್ಚಳ ಹಾಕಿದರು.

"ಇಲ್ಲ," ಎಂದರು. "ನಲವತ್ತು ದಿನ ನೋಡಿದೀನಿ ನಾನು ಅದನ್ನ. ಕತ್ತಿನ ಹತ್ತಿರ ಅಂಟಿತ್ತು, ಅದೂ ನೋಡಿದೀನಿ. ಬರ್ದೂ ಇದೀನಿ, ತಲೆ ಕಳಚಿತ್ತು, ಮರಳಿ ಅಂಟಿಸಲಾಗಿದೆ ಅಂತ. ಹೆಸರಿಟ್ಟ ಲೇಖನದಲ್ಲೇ ಅಚ್ಚಾಗಿದೆ ನೋಡು."

"ಆಗ ನನ್ನ ಯಾಕೆ ಕೇಳಲಿಲ್ಲ ಭಾವ?"

ಅವರಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ ಎಂಬಂತೆ ನನ್ನನ್ನು ನೋಡಿದರು. "ಅಂಟಿಸಿದ್ದು ನೀನಲ್ವಾ. ಕೇಳೋದೇನಿತ್ತು?"

ನಾನು ಮಂಡಿಯೂರಿ ಕೆಳಗಿನ ಡ್ರಾಯರು ಎಳೆದೆ. ಮರ ಉಬ್ಬಿ ಸಿಕ್ಕಿಕೊಂಡಿತ್ತು. ಕಾಲಿಲ್ಲದವು, ರೆಕ್ಕೆ ಬಿರಿದವು, ಬೂಸಲು ಹಿಡಿದವು. ನಾಲ್ಕನೇ ಸಾಲು, ಎಡಗಡೆಯಿಂದ ಆರನೆಯದು. ಎಂಟು ವರ್ಷದಿಂದ ನೋಡಿರಲಿಲ್ಲ, ಹುಡುಕಬೇಕಾಗಲೂ ಇಲ್ಲ. ತಂದು ದೀಪದಡಿ ಇಟ್ಟೆ.

ಭಾವ ಬಹಳ ಹೊತ್ತು ನೋಡಿದರು. ಆಮೇಲೆ ಎದ್ದು, ಗಾಜಿನ ತಟ್ಟೆಗೆ ಬಿಸಿನೀರು ಹಾಕಿ ತಂದರು. ತರುವಾಗ ಅರ್ಧ ಚೆಲ್ಲಿತ್ತು. ನಾನು ಎದ್ದು ತೆಗೆದುಕೊಳ್ಳಲು ಹೋದರೆ ತಲೆಯಾಡಿಸಿ ಬೇಡವೆಂದರು. ಎರಡನ್ನೂ ಅದರೊಳಗೆ ಬಿಟ್ಟೆವು. ಏಳನೇ ನಿಮಿಷಕ್ಕೆ ಅಕ್ಕನ ಹುಳದ ತಲೆ ಬಿಟ್ಟುಕೊಂಡಿತು, ಒಂಬತ್ತಕ್ಕೆ ಇನ್ನೊಂದರದು.

"ಬದಲಾಯಿಸಿ ಇಡು," ಎಂದರು.

ಕುಂಚದ ತುದಿಯಿಂದ ಎರಡು ಕೂದಲಿನ ತಲೆಯನ್ನು ಕೆಂಪು ಕಾಲಿನ ಮೈಗೆ ಹಚ್ಚಿದೆ. ಡಬ್ಬಿಗೆ ಅದರದೇ ಮುಚ್ಚಳ ಕೂರುವಂತೆ ಕತ್ತಿನ ಬಳೆಯೊಳಗೆ ಕೂತಿತು. ಇನ್ನೊಂದೂ ಹಾಗೆಯೇ. ಆಗ ತಟ್ಟೆಯಲ್ಲಿ ಇದ್ದದ್ದು ಎರಡು ಮಾಮೂಲಿ ಜೀರುಂಡೆ. ಎರಡೂ ನಮ್ಮ ಡ್ರಾಯರುಗಳಲ್ಲಿ ನೂರಾರು ಇರುವಂಥವೇ.

ಭಾವ ಬೈಯಲಿಲ್ಲ. ಬೈದಿದ್ದರೆ ಎಂದು ಆಮೇಲೆ ಎಷ್ಟೋ ಸಲ ಅಂದುಕೊಂಡಿದ್ದೇನೆ. ಕೆಂಪು ಚೀಟಿಯನ್ನು ಸೂಜಿಯಿಂದ ತಾವೇ ಕಳಚಿದರು. ಅದು ಹರಿಯಿತು. ಹರಿದ ಎರಡು ತುಂಡನ್ನೂ ಒಂದು ಲಕೋಟೆಗೆ ಹಾಕಿ ದಿನಾಂಕ ಬರೆದರು. ತಪ್ಪಾದರೂ ದಾಖಲೆ ದಾಖಲೆಯೇ. ವಿಳಾಸ ಬರೆದ ಪೆಟ್ಟಿಗೆಯನ್ನು ಕಪಾಟಿನ ಮೇಲಿಟ್ಟರು. ಆಮೇಲೆ ಹಸ್ತಪ್ರತಿಯ ಮೊದಲ ಪುಟ ತೆಗೆದು ಒಂದನೇ ಪ್ರಶ್ನೆಯ ಮೇಲೆ ಕೈಯಿಟ್ಟುಕೊಂಡು ಕೂತರು.

"ಇನ್ಯಾವುದು?" ಎಂದರು.

"ಇದೊಂದೇ ಭಾವ."

"ನಿನ್ನೆ ತನಕ ಇದೂ ಇರ್ಲಿಲ್ಲ."

"ಅಕ್ಕನ ಆಣೆಗೂ..."

"ಅವಳನ್ನ ಇದಕ್ಕೆ ಎಳೀಬೇಡ. ಸಾಕು, ಒಂದ್ಸಲ ಎಳೆದಿದೀವಿ."

ಅವರು ದಾಖಲೆ ಪುಸ್ತಕ ತೆರೆದು ಬೆರಳಿಟ್ಟು ಎಣಿಸುತ್ತ ಹೋದರು. ಈ ಕೈಪಿಡಿಗೆ ಆಧಾರವಾದ ಹುಳಗಳಲ್ಲಿ ನಾನು ಅಂಟಿಸಿದ್ದು ನಾಲ್ಕು ಸಾವಿರದ ಇನ್ನೂರು ಚಿಲ್ಲರೆ. ಮೂವತ್ತೊಂದು ಬಗೆಯಲ್ಲಿ ಹತ್ತೊಂಬತ್ತಕ್ಕೆ ನನ್ನ ಕೈಯಿಂದ ದಾಟಿಬಂದ ಹುಳಗಳೇ ಸಾಕ್ಷಿ. ಅಚ್ಚಿನವರಿಗೆ ಫೋನು ಮಾಡಿ, ಈ ವರ್ಷ ಆಗುವುದಿಲ್ಲ ಎಂದರು. ಯಾಕೆ ಎಂದು ಆ ಕಡೆಯಿಂದ ಕೇಳಿರಬೇಕು. "ನನ್ನ ಕಡೆಯಿಂದ ಒಂದು ತಪ್ಪಾಗಿದೆ," ಎಂದರು. ನನ್ನ ಹೆಸರು ಹೇಳಲಿಲ್ಲ. ಹೇಳಿದ್ದರೆ ಅದು ನನ್ನ ತಪ್ಪಾಗಿ ನನ್ನ ಬಳಿಯೇ ಉಳಿಯುತ್ತಿತ್ತು. ಅದನ್ನೂ ಅವರು ತೆಗೆದುಕೊಂಡರು.

ಮೊದಲನೇ ಡ್ರಾಯರನ್ನು ನನ್ನ ಮುಂದೆ ತಂದಿಟ್ಟರು.

"ಒಂದೊಂದಾಗಿ ತೆಗಿ. ಕತ್ತು ನೋಡು. ಅಂಟು ಇಲ್ದಿದ್ರೆ ಬಿಡು. ಇದ್ರೆ ಹೇಳು, ಸರಿ ತಲೆನಾ ಅಲ್ವಾ ಅಂತ."

ನಾನು ಸೂಜಿ ಹಿಡಿದು ಎತ್ತಿದೆ. ಭಾವ ಕುರ್ಚಿ ಎಳೆದುಕೊಂಡು ಎದುರಿಗೆ ಕೂತರು. ಸೂಕ್ಷ್ಮದರ್ಶಕದತ್ತ ಅವರು ನೋಡುತ್ತಿರಲಿಲ್ಲ, ನನ್ನ ಬೆರಳುಗಳನ್ನು ನೋಡುತ್ತಿದ್ದರು. ಮೊದಲ ಹದಿನಾರರಲ್ಲಿ ಹನ್ನೊಂದಕ್ಕೆ ಕತ್ತಿನಲ್ಲಿ ಅಂಟೇ ಇರಲಿಲ್ಲ. ಐದಕ್ಕಿತ್ತು. ಅವು ಮುರಿದದ್ದು, ನಾನು ಕೂರಿಸಿದ್ದು ನನಗೆ ಒಂದೊಂದೂ ನೆನಪಿತ್ತು. ಸರಿ, ಸರಿ, ಸರಿ ಎನ್ನುತ್ತ ಹೋದೆ. ಭಾವ ಬರೆದುಕೊಳ್ಳುತ್ತ ಹೋದರು.

ಹದಿನೇಳನೆಯದನ್ನು ದೀಪಕ್ಕೆ ತಿರುಗಿಸಿದೆ. ಕತ್ತಿನ ಬಳೆಯ ಎಡಕ್ಕೆ ತೆಳ್ಳಗೆ ಒಂದು ಮಿಂಚು. ಚೀಟಿಯಲ್ಲಿ ನನ್ನದೇ ಅಕ್ಷರ, ನಾಲ್ಕು ವರ್ಷದ ಹಿಂದಿನ ದಿನಾಂಕ. ಅದನ್ನು ಎಲ್ಲಿ ಕೂತು ಮಾಡಿದೆ, ಮುರಿದದ್ದು ಹೇಗೆ, ತಟ್ಟೆಯಲ್ಲಿ ಆಗ ಅದೊಂದೇ ಇತ್ತೇ, ಜೊತೆಗೆ ಇನ್ನೊಂದಿತ್ತೇ? ಕಣ್ಣು ಮುಚ್ಚಿ ಯೋಚಿಸಿದೆ. ಏನೂ ಹೊಳೆಯಲಿಲ್ಲ.

"ಏನು?" ಎಂದರು ಭಾವ.

ಸರಿ ಎನ್ನುವುದು ನಾಲಿಗೆಯ ತುದಿಗೇ ಬಂದಿತ್ತು. ಸರಿಯೇ ಇದ್ದೀತು ಕೂಡ.

"ಗೊತ್ತಿಲ್ಲ," ಎಂದೆ.

ಅವರ ಹಾಳೆಯಲ್ಲಿ ಸರಿ, ತಪ್ಪು ಎಂದು ಎರಡೇ ಕಲಂ ಇದ್ದವು. ಭಾವ ಅಳತೆಪಟ್ಟಿ ತೆಗೆದುಕೊಂಡು, ಕೈ ನಡುಗದಂತೆ ಎಡಗೈಯಿಂದ ಬಲಗೈಯನ್ನು ಒತ್ತಿಹಿಡಿದು, ಪಕ್ಕದಲ್ಲಿ ಮೂರನೆಯದನ್ನು ಎಳೆದರು.

"ಮುಂದಿಂದು," ಎಂದರು.